‘ಬರ್ತೀನಿ’ ಅನ್ನದೆ ಹೋಗುವುದು

ಜೂನ್ ತಿಂಗಳ ಮೊದಲ ವಾರ ನರ್ಸರಿಗಳ ಗೇಟಿನ ಮುಂದೆ ನಿಂತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ನೀವು ಸುಮ್ನೆ ಹೊರಡಿ ಮೇಡಂ, ನೀವಿದ್ದಷ್ಟು ಹೊತ್ತೂ ಅಳ್ತಾನೆ.” ಆಯಾ ಮಗುವನ್ನು ಎತ್ತಿಕೊಂಡು ಗೋಡೆಯ ಮೇಲೆ ಬರೆದ ಆನೆ ತೋರಿಸುತ್ತಾಳೆ. ಮಗು ಆ ಕಡೆ ತಿರುಗಿದ ಕ್ಷಣ ಅಮ್ಮ ಮಾಯ. ಮಗುವನ್ನು ಶಾಲೆಗೆ ಹೊಂದಿಸುವುದು ಎಂದು ಇದಕ್ಕೆ ಹೆಸರು. ನಾನು ಇದನ್ನು ವಂಚನೆ ಎನ್ನುತ್ತೇನೆ. ಈ ವಂಚನೆ ಮಾಡಿದವರಲ್ಲಿ ನಾನೂ ಒಬ್ಬಳು.

ನನ್ನ ಮಗಳಿಗೆ ಆಗ ಮೂರು ವರ್ಷ ತುಂಬಿತ್ತು ಅಷ್ಟೆ. ಅವಳು ಆನೆ ನೋಡುತ್ತಿದ್ದಾಗ ನಾನು ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಅವತ್ತು ಸಂಜೆ ಬಚ್ಚಲಿನ ಬಾಗಿಲು ಹಾಕಿಕೊಳ್ಳಲು ಅವಳು ಬಿಡಲಿಲ್ಲ. ಹಾಲು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಓಡಿದರೆ ದುಪಟ್ಟಾ ಹಿಡಿದು ಹಿಂದೆಯೇ ಓಡಿಬಂದಳು. ಆಮೇಲೆ ಎಷ್ಟೋ ದಿನ, ಯಾರಾದರೂ “ಅಲ್ನೋಡು ಪುಟ್ಟಿ, ಗುಬ್ಬಿ” ಎಂದರೆ ಅವಳು ಗುಬ್ಬಿಯನ್ನು ನೋಡುತ್ತಿರಲಿಲ್ಲ. ತಟ್ಟನೆ ತಿರುಗಿ ನನ್ನನ್ನು ನೋಡುತ್ತಿದ್ದಳು.

ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ‘ಬರ್ತೀನಿ’ ಅನ್ನುತ್ತೇವೆ. ಬಾಯ್ತಪ್ಪಿ ‘ಹೋಗ್ತೀನಿ’ ಅಂದರೆ ಅಜ್ಜಿ ಅಲ್ಲೇ ತಡೆದು ತಿದ್ದಿಸುತ್ತಾಳೆ. ಪಕ್ಕದ ಬೀದಿಗೆ ಹೊರಟ ನೆಂಟರಿಗೂ ವಾಪಸ್ಸು ಬರುವ ಮಾತು ಕೊಟ್ಟೇ ಹೊರಡುವ ನಾವು, ಆ ಮಾತು ಎಲ್ಲರಿಗಿಂತ ಹೆಚ್ಚು ಬೇಕಾದ ಮೂರು ವರ್ಷದ ಜೀವಕ್ಕೆ ಮಾತ್ರ ಅದನ್ನು ಕೊಡದೆ ಹಿಂಬಾಗಿಲಿನಿಂದ ಜಾರುತ್ತೇವೆ.

“ಆದರೆ ಎರಡು ವಾರದಲ್ಲಿ ಅಳು ನಿಲ್ಲುತ್ತಲ್ಲ?” ನಿಲ್ಲುತ್ತದೆ. ನನ್ನ ಮಗಳದೂ ನಿಂತಿತು. “ನೋಡಿ, ಸೆಟ್ ಆದ್ಲು” ಎಂದು ಮಿಸ್ ನಕ್ಕರು. ಅಳು ನಿಂತದ್ದನ್ನೇ ನೆಮ್ಮದಿ ಎಂದು ಓದುವ ಈ ಅಭ್ಯಾಸ ಹಳೆಯದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ಮಕ್ಕಳ ವಾರ್ಡಿಗೆ ತಂದೆತಾಯಿಯರನ್ನು ಸಲೀಸಾಗಿ ಬಿಡುತ್ತಿರಲಿಲ್ಲ. ಅವರು ಬಂದು ಹೋದರೆ ಮಕ್ಕಳು ಅಳುತ್ತವೆ, ಬಾರದಿದ್ದರೆ ಸುಮ್ಮನಿರುತ್ತವೆ ಎಂಬುದು ಕಾರಣ. ನಮ್ಮ ಗೇಟಿನ ಮಾತೇ! 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬಾತ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಬಗ್ಗೆ ಚಿತ್ರ ಮಾಡಿ ತೋರಿಸಿದ. ಅವಳು ರಂಪ ಮಾಡುವ ಮಗುವೇ ಅಲ್ಲ. ಆ ಬಿಗಿಹಿಡಿದ ಮುಖವೇ ನೋಡಲಾಗುವುದಿಲ್ಲ. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಅಮ್ಮನೇ ಬೇಡವೇನೋ ಎಂಬಂಥ ದೂರ ಎಂದು ಅವನೂ ಜಾನ್ ಬೌಲ್ಬಿಯೂ ಇದನ್ನು ವಿವರಿಸಿದರು. ಅನೇಕ ವೈದ್ಯರು ಸಿಟ್ಟಾದರು. ಆದರೂ 1959ರ ಪ್ಲಾಟ್ ಸಮಿತಿ ತಂದೆತಾಯಿಯರಿಗೆ ವಾರ್ಡಿನ ಬಾಗಿಲು ತೆರೆಯಿರಿ ಎಂದು ಶಿಫಾರಸು ಮಾಡಿತು.

ಮೂರು ಗಂಟೆಯ ನರ್ಸರಿ ಎಂಟು ದಿನದ ಆಸ್ಪತ್ರೆಯಲ್ಲ, ಒಪ್ಪಿದೆ. ಹೆಚ್ಚಿನ ಮಕ್ಕಳು ನಿಜಕ್ಕೂ ಹೊಂದಿಕೊಳ್ಳುತ್ತವೆ, ಅದೂ ಸರಿ. ನನ್ನ ತಕರಾರು ಅಗಲಿಕೆಯ ಬಗ್ಗೆ ಅಲ್ಲ, ಅದನ್ನು ಕದ್ದು ಮಾಡುವುದರ ಬಗ್ಗೆ. ಜರ್ಮನಿಯಲ್ಲಿ ಬರ್ಲಿನ್ ಮಾದರಿ ಎಂದೇ ಹೆಸರಾದ ಒಂದು ಕ್ರಮವಿದೆ. ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಮಗುವಿನ ಜೊತೆ ಕೋಣೆಯೊಳಗೇ ಸುಮಾರು ಒಂದು ಗಂಟೆ ಕೂತು, ಮಗುವನ್ನು ಕರೆದುಕೊಂಡೇ ಮನೆಗೆ ಹೋಗುತ್ತಾರೆ. ಬಿಟ್ಟುಹೋಗುವ ಪ್ರಯತ್ನ ನಾಲ್ಕನೆಯ ದಿನಕ್ಕಿಂತ ಮುಂಚೆ ಇಲ್ಲ. ಅದೂ ಹೇಳಿಯೇ ಹೊರಡಬೇಕು. ಟೀಚರ್ ಸಮಾಧಾನ ಮಾಡಿದರೂ ಮಗು ಸುಮ್ಮನಾಗದಿದ್ದರೆ ಕೆಲವೇ ನಿಮಿಷಗಳಲ್ಲಿ ವಾಪಸ್ಸು.

ಇಲ್ಲಿ ಅದೆಲ್ಲ ಎಲ್ಲಿ ಸಾಧ್ಯ, ಮೂವತ್ತು ಮಕ್ಕಳಿಗೆ ಒಬ್ಬರೇ ಮಿಸ್ ಎನ್ನುತ್ತಾರೆ. ಹಾಗಾದರೆ ಮೂವತ್ತನ್ನೂ ಒಂದೇ ಸೋಮವಾರ ಯಾಕೆ ಸೇರಿಸಿಕೊಳ್ಳುತ್ತೀರಿ? ವಾರಕ್ಕೆ ಐದೈದು ಮಕ್ಕಳನ್ನು ಕರೆಯಲು ದುಡ್ಡು ಬೇಕಾಗಿಲ್ಲ. ನಮ್ಮೂರಿನ ಅಂಗನವಾಡಿಯಲ್ಲಿ ಯಾವ ಮಾದರಿಯ ಹೆಸರೂ ಗೊತ್ತಿಲ್ಲದ ಅಜ್ಜಿಯರು ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿರುತ್ತಾರೆ. ಟೀಚರ್ ಅವರನ್ನು ಎಬ್ಬಿಸುವುದಿಲ್ಲ. ಸಾವಿರಾರು ರೂಪಾಯಿ ಡೊನೇಷನ್ ತೆಗೆದುಕೊಂಡವರಿಗೆ ಒಂದು ಜಗಲಿ ಕಟ್ಟಿಸಲು ಆಗುವುದಿಲ್ಲವೇ?

ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿರಬೇಕಾದ ತಾಯಿಗೆ ಮೂರು ದಿನ ಕೂತುಬನ್ನಿ ಎನ್ನುವುದು ಸುಲಭವಲ್ಲ ಎಂದು ನನಗೂ ಗೊತ್ತು. ಅಲ್ಲಿ ಜಗಳ ಆಡಬೇಕಾದ್ದು ಮಾಲೀಕರ ಜೊತೆ, ಅವಳ ಜೊತೆ ಅಲ್ಲ. 2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದಿತು. ತಾಯಿ ಬಂದು ಹೋದರೆ ಮಗು ಕೆಡುತ್ತದೆ ಎಂದು ಆ ಕಾಯ್ದೆ ಬರೆದವರಿಗೆ ಅನ್ನಿಸಲಿಲ್ಲ. ನಮ್ಮ ಗೇಟುಗಳಿಗೆ ಅನ್ನಿಸುತ್ತದೆ.

ದಸರಾ ರಜೆ ಮುಗಿದ ಮೇಲೆ ಅಳು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಆಯಾ ಆನೆಯ ಕಡೆ ತಿರುಗುವ ಮೊದಲೇ ನಾನು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, “ಬರ್ತೀನಿ ಪುಟ್ಟಿ, ನೀನು ಡಬ್ಬಿ ತಿಂದು ಬ್ಯಾಗಿಗೆ ಹಾಕ್ಕೊಳ್ಳೋ ಹೊತ್ತಿಗೆ ಬರ್ತೀನಿ” ಎಂದೆ. ಅವಳು ಬೀದಿ ಕೊನೆಯವರೆಗೂ ಕೇಳುವಂತೆ ಅತ್ತಳು. ಮಿಸ್‌ಗೆ ನನ್ನ ಮೇಲೆ ಸಿಟ್ಟು ಬಂತು. ಮಧ್ಯಾಹ್ನ ಹೋದಾಗ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ತೆರೆದು ನೋಡಿದೆ, ಚಿತ್ರಾನ್ನ ಹಾಗೇ ಇತ್ತು.