ಹ್ಯಾಲಿಬರ್ಟನ್ ಆಟ ಅಳೆಯಲು 1.6 ಎಂಬ ಅಂಕಿ

2025ರ ಏಪ್ರಿಲ್‌ನಲ್ಲಿ ‘ದಿ ಅಥ್ಲೆಟಿಕ್’ ಎನ್‌ಬಿಎ ಬಾಸ್ಕೆಟ್‌ಬಾಲ್ ಆಟಗಾರರ ಹೆಸರು ಗುಟ್ಟಾಗಿಟ್ಟು ನಡೆಸಿದ ಸಮೀಕ್ಷೆಯಲ್ಲಿ, ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡ ಆಟಗಾರ ಎಂದು ಅತಿ ಹೆಚ್ಚು ಮತ ಬಿದ್ದದ್ದು ಇಂಡಿಯಾನಾ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಅವರಿಗೆ. ಎರಡೇ ತಿಂಗಳಲ್ಲಿ ಅವರ ತಂಡ ಫೈನಲ್‌ನ ಏಳನೇ ಪಂದ್ಯದವರೆಗೆ ಹೋಯಿತು. ಆದರೂ ಪಂದ್ಯಕ್ಕೆ 18.6 ಅಂಕ ಗಳಿಸುವವರು, ತಮ್ಮ ತಂಡದಲ್ಲೇ ಪ್ಯಾಸ್ಕಲ್ ಸಿಯಾಕಮ್ ಅವರಿಗಿಂತ ಹಿಂದಿರುವವರು ತಾರೆ ಹೇಗಾದಾರು ಎಂಬ ಪ್ರಶ್ನೆ ನಿಂತಿಲ್ಲ. ಈ ಪ್ರಶ್ನೆಯೇ ತಪ್ಪು. ಅಂಕ ಎಣಿಸುವವರು ಬಿಟ್ಟುಬಿಡುವ ಅಂಕಿ ಒಂದಿದೆ: 2024-25ರಲ್ಲಿ ಹ್ಯಾಲಿಬರ್ಟನ್ ಪಂದ್ಯಕ್ಕೆ 9.2 ಅಸಿಸ್ಟ್ (ಅಂಕಕ್ಕೆ ದಾರಿಮಾಡುವ ಪಾಸ್) ಕೊಟ್ಟು, ಚೆಂಡು ಕಳೆದುಕೊಂಡದ್ದು (ಟರ್ನೋವರ್) ಬರೀ 1.6 ಸಲ.

ಚೆಂಡು ಐದೂ ಜನರ ಕೈ ದಾಟುವ ಆಟದಲ್ಲಿ ಪ್ರತಿ ಪಾಸ್ ಎದುರಾಳಿಗೂ ಒಂದು ಅವಕಾಶ. ವೇಗ ಹೆಚ್ಚಿದಂತೆ ಆ ಅಪಾಯವೂ ಹೆಚ್ಚುತ್ತದೆ. ಆದ್ದರಿಂದಲೇ ಎಷ್ಟೋ ಕೋಚ್‌ಗಳು ಹಂಚಿ ಆಡುವ ಮಾತಾಡಿ, ಕೊನೆಗೆ ಚೆಂಡನ್ನು ಒಬ್ಬರ ಕೈಗೇ ಒಪ್ಪಿಸುತ್ತಾರೆ. ಹ್ಯಾಲಿಬರ್ಟನ್ ರೀಬೌಂಡ್ ಸಿಕ್ಕ ಕೂಡಲೇ, ಎದುರಾಳಿ ತಿರುಗಿ ಓಡುವ ಮೊದಲೇ ಚೆಂಡನ್ನು ಮುಂದೆ ಕಳಿಸುತ್ತಾರೆ. ಹಾರಿ ಪಾಸ್ ಕೊಡಬೇಡ ಎಂದು ಶಾಲಾ ಕೋಚ್‌ಗಳು ಮಕ್ಕಳಿಗೆ ಗದರುತ್ತಾರೆ. ಇವರು ಹಾರಿಯೇ ಕೊಡುತ್ತಾರೆ, ಗಾಳಿಯಲ್ಲಿದ್ದಾಗಲೇ ಯಾರಿಗೆಂದು ನಿರ್ಧರಿಸುತ್ತಾರೆ. 2025ರ ಮೇ 27ರಂದು ನಿಕ್ಸ್ ವಿರುದ್ಧ 32 ಅಂಕ, 15 ಅಸಿಸ್ಟ್, 12 ರೀಬೌಂಡ್ ಬಂದರೂ ಟರ್ನೋವರ್ ಸೊನ್ನೆ. ಪ್ಲೇಆಫ್ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು.

ಹೋಲಿಕೆಗೆ ದೂರ ಹೋಗಬೇಕಿಲ್ಲ, ಪೇಸರ್ಸ್ ಕೋಚ್ ರಿಕ್ ಕಾರ್ಲೈಲ್ ಅವರ ಹಿಂದಿನ ಕೆಲಸವನ್ನೇ ನೋಡಿ. ಡಲ್ಲಾಸ್‌ನಲ್ಲಿ ಅವರ ಕೈಯಲ್ಲಿದ್ದದ್ದು ಲೂಕಾ ಡಾನ್ಚಿಚ್. 2020-21ರಲ್ಲಿ ಲೂಕಾ ಪಂದ್ಯಕ್ಕೆ 27.7 ಅಂಕ, 8.6 ಅಸಿಸ್ಟ್, 4.3 ಟರ್ನೋವರ್. ತಂಡ ಎರಡು ವರ್ಷ ಸತತ ಕ್ಲಿಪ್ಪರ್ಸ್ ಎದುರು ಮೊದಲ ಸುತ್ತಿನಲ್ಲೇ ಹೊರಬಿತ್ತು. ಅದೇ ಲೂಕಾ 2024ರಲ್ಲಿ ಡಲ್ಲಾಸನ್ನು ಫೈನಲ್‌ಗೆ ಒಯ್ದದ್ದೂ ನಿಜ, ಒಬ್ಬರ ಕೈಗೇ ಚೆಂಡು ಒಪ್ಪಿಸುವ ಆ ದಾರಿ ಮುಚ್ಚಿದೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ಲೂಕಾ ಅಂಥವರು ನೂರಕ್ಕೊಬ್ಬರೂ ಸಿಗುವುದಿಲ್ಲ. ಅಂಥ ಆಟಗಾರ ಸಿಗದ ಸಣ್ಣ ಊರಿನ ತಂಡಕ್ಕೆ ಇಂಡಿಯಾನಾದ ದಾರಿಯೇ ಹೆಚ್ಚು ಉಪಯೋಗ. 2022ರ ಫೆಬ್ರುವರಿಯಲ್ಲಿ ಡೊಮಾಂಟಾಸ್ ಸಬೋನಿಸ್ ಅವರನ್ನು ಬಿಟ್ಟುಕೊಟ್ಟು 21ರ ಹ್ಯಾಲಿಬರ್ಟನ್ ಅವರನ್ನು ತಂದಾಗ ಆ ತಂಡ ಹಿಡಿದದ್ದು ಇದೇ ದಾರಿ.

ಫೈನಲ್‌ನ ಐದನೇ ಪಂದ್ಯದಲ್ಲಿ ಹ್ಯಾಲಿಬರ್ಟನ್ ಎಸೆದ ಆರೂ ಶಾಟ್ ತಪ್ಪಿ, ಫ್ರೀ ಥ್ರೋಗಳಿಂದ ಬಂದದ್ದು ನಾಲ್ಕೇ ಅಂಕ. ಟೀಕಾಕಾರರು ತೋರಿಸುವುದು ಅದನ್ನೇ. ಮೀನಖಂಡದ ಗಾಯವಿತ್ತು ಎಂಬ ಸಮಜಾಯಿಷಿ ಬೇಡ, ಅದು ಕೆಟ್ಟ ರಾತ್ರಿಯೇ. ಆದರೆ ಮುಂದಿನ ಪಂದ್ಯದಲ್ಲಿ ಅವರು 14 ಅಂಕ ಗಳಿಸಿದರೆ, ಬೆಂಚಿನಿಂದ ಬಂದ ಓಬಿ ಟಾಪಿನ್ 20 ಗಳಿಸಿದರು, ತಂಡ 108-91ರಿಂದ ಗೆದ್ದಿತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಆಟ ಎಲ್ಲರದ್ದಾದರೆ ಒಬ್ಬರು ಇಲ್ಲದಿದ್ದರೂ ನಡೆಯಬೇಕಲ್ಲ? ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಹ್ಯಾಲಿಬರ್ಟನ್ ಅವರ ಅಕಿಲೀಸ್ ಹರಿಯಿತು, ಮುಂದಿನ ಇಡೀ ಸೀಸನ್ ಅವರು ಹೊರಗುಳಿದರು. 2025-26ರ ಮೊದಲ 14 ಪಂದ್ಯಗಳಲ್ಲಿ ಪೇಸರ್ಸ್ 13 ಸೋತಿತು. ಮೈಲ್ಸ್ ಟರ್ನರ್ ಮಿಲ್ವಾಕಿಗೆ ಹೋದದ್ದು, ಉಳಿದವರ ಗಾಯಗಳು, ಎಲ್ಲವೂ ಅದರಲ್ಲಿ ಸೇರಿವೆ. ಆದರೂ ಉತ್ತರ ಸ್ಪಷ್ಟ. ಹಂಚಿ ಆಡುವ ಧೈರ್ಯ ತಂಡಕ್ಕೆ ತಾನಾಗಿ ಬರುವುದಿಲ್ಲ. ಚೆಂಡು ಕಳೆದುಕೊಳ್ಳದ ಒಬ್ಬರು ನಡುವೆ ಇದ್ದರೆ ಮಾತ್ರ ಉಳಿದ ನಾಲ್ವರು ಭಯಬಿಟ್ಟು ಓಡುತ್ತಾರೆ. ಮುಂದಿನ ಡ್ರಾಫ್ಟ್‌ನಲ್ಲಿ ಯುವ ಪಾಯಿಂಟ್ ಗಾರ್ಡ್‌ಗಳನ್ನು ಅಳೆಯುವವರು ಅಂಕದ ಕಾಲಂಗಿಂತ ಮೊದಲು ಟರ್ನೋವರ್ ಕಾಲಂ ಓದಲಿ.