ಚಳಿಗಾಲದ ಹೂವಿಗೆ ಯಾವ ಗಿಡ?

ಚೀನಾ, ಜಪಾನ್, ಉತ್ತರ ಅಮೆರಿಕಾಗಳಲ್ಲಿ ಸಹಜವಾಗಿ ಬೆಳೆಯುವ ವಿಚ್ ಹೇಜಲ್ ಎಂಬ ಪೊದೆಯು ಎಲೆಯುದುರಿದ ಬರಿಯ ಕೊಂಬೆಗಳಲ್ಲಿ ಹಳದಿ ಹೂವನ್ನು ತಳೆಯುತ್ತದೆ. 1879ರಲ್ಲಿ ಚಾರ್ಲ್ಸ್ ಮೇರೀಸ್ ಎಂಬುವರು ಚೀನಾದಿಂದ ಇಂಗ್ಲೆಂಡಿಗೆ ಕಳುಹಿಸಿದ ಜಾತಿಯು ಹಿಮ ಬೀಳುವ ಜನವರಿಯಲ್ಲಿಯೂ ಅರಳಿ ಪರಿಮಳಿಸುವುದರಿಂದ ಅಲ್ಲಿಯ ತೋಟಗಳಿಗೆ ಭೂಷಣವಾಗಿದೆ. ಚಿತ್ರವನ್ನು ಕಂಡು ಬಯಲುಸೀಮೆಯ ಗೃಹಸ್ಥರು ಅದರ ಸಸಿಯನ್ನು ತರಿಸಬಯಸುವುದು ಸಹಜವೇ ಸರಿ, ಆದರೆ ಉಚಿತವಲ್ಲ. ಬೇಸಿಗೆಯಲ್ಲಿ ಕಟ್ಟಿದ ಅದರ ಮೊಗ್ಗುಗಳು ದೀರ್ಘವಾದ ಕಡುಚಳಿಯನ್ನುಂಡ ಬಳಿಕ ಅರಳತಕ್ಕವು. ತೇವವಾರದ, ತುಸು ಹುಳಿಯಾದ ಮಣ್ಣೂ ಅದಕ್ಕೆ ಬೇಕು. ಇವೆರಡೂ ದೊರೆಯದ ಬಯಲುಸೀಮೆಯಲ್ಲಿ ಅದನ್ನು ನೆಟ್ಟರೆ ಹಣವೂ ನೀರೂ ವ್ಯರ್ಥ.

ಈ ಸೀಮೆಯಲ್ಲಿಯೇ ಬೆಳೆಯುವ ಮುಳ್ಳುಗೋರಂಟೆಯು ಚಳಿಗಾಲದಲ್ಲಿಯೇ ಹೊಂಬಣ್ಣದ ಹೂವನ್ನು ಬಿಡುವುದು. ಮಳೆಗಾಲದ ಮೊದಲಲ್ಲಿ ಗೇಣುದ್ದದ ಕಡ್ಡಿಗಳನ್ನು ಸಾಲಾಗಿ ನೆಟ್ಟು, ಬೇರೂರುವವರೆಗೆ ತೇವ ಕಾಯ್ದರೆ ಸಾಕು. ಹೂವು ಮುಗಿದೊಡನೆ ತುದಿಗಳನ್ನು ಕತ್ತರಿಸಿದಲ್ಲಿ ಗಿಡವು ದಟ್ಟವಾಗುವುದು. ಮುಳ್ಳಿನ ಗಿಡವಾದುದರಿಂದ ಹಿತ್ತಲಿಗೆ ಬೇಲಿಯೂ ಆಯಿತು, ಪೂಜೆಗೆ ಹೂವೂ ಆಯಿತು.

ಪರದೇಶದ ಗಿಡವು ಕೀಳೆಂದಲ್ಲ. ಅದರ ಸೊಬಗು ಅದರ ಹವೆಯಲ್ಲಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಹೂವಿನ ವಿಷಯದಲ್ಲಿಯಾದರೂ ಗೃಹಸ್ಥರು ಸುಳ್ಳು ಮಾಡುವುದು ಲೇಸು.