ಹೆಸರಿನ ಕೆಳಗಿನ ಖಾನೆ

ಶನಿವಾರ ಸಂಜೆಯಾದರೆ ವಿಜಯನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಇಳಿಯುತ್ತಾರೆ. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಪುಸ್ತಕ ಇಂಗ್ಲಿಷಿನದು, ಆಡುವ ಮಾತು ಕನ್ನಡ. ಕತೆ ನಡೆಸುವವನು ನಾನು.

ಮೂರು ವರ್ಷದ ಹಿಂದೆ ಕೋಲಾರದ ಕಡೆಯ ಗೆಳೆಯನೊಬ್ಬ ಹೊಸದಾಗಿ ಬಂದ. ಅವನ ಕೈಗೆ ಪಾತ್ರದ ಹಾಳೆ ಕೊಟ್ಟು, "ಮೇಲೆ ಹೆಸರು ಬರಿ, ಅದರ ಕೆಳಗೆ ಜಾತಿ" ಎಂದೆ. ಹಾಳೆಯಲ್ಲಿ ಅಚ್ಚಾಗಿದ್ದದ್ದು 'ರೇಸ್'. ಎಲ್ಫ್, ಡ್ವಾರ್ಫ್, ಮನುಷ್ಯ, ಹಾಫ್-ಆರ್ಕ್, ಹೀಗೆ ಒಂದನ್ನು ಆರಿಸಬೇಕು. ನನ್ನ ಬಾಯಿಗೆ ಬಂದ ಕನ್ನಡ ಪದ ಅದೊಂದೇ. ಅವನು ಪೆನ್ನು ಕೆಳಗಿಟ್ಟು, "ಇಲ್ಲೂ ಬಿಡಲ್ವೇನೋ?" ಎಂದು ನಕ್ಕ. ನಾವೂ ನಕ್ಕೆವು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಈ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ 2022ರ ಡಿಸೆಂಬರಿನಲ್ಲಿ 'ರೇಸ್' ಪದವನ್ನು ಕೈಬಿಡುವುದಾಗಿ ಹೇಳಿದರು. 2024ರ ಹೊಸ ಪುಸ್ತಕದಲ್ಲಿ ಆ ಜಾಗಕ್ಕೆ 'ಸ್ಪೀಷೀಸ್' ಬಂತು. ಅಂದಿನಿಂದ ಆಡುವವರಲ್ಲಿ ಎರಡು ಬಣ. ಐವತ್ತು ವರ್ಷದ ಪರಂಪರೆ ಮಣ್ಣುಪಾಲಾಯಿತು ಎನ್ನುವವರು ಒಂದು ಕಡೆ, ಅಂತೂ ಅನ್ಯಾಯ ಸರಿಯಾಯಿತು ಎಂದು ಕೈ ತೊಳೆದುಕೊಂಡವರು ಇನ್ನೊಂದು ಕಡೆ. ನನ್ನ ಜಗಳ ಇಬ್ಬರ ಮೇಲೂ ಇದೆ.

ಮೊದಲು ಪರಂಪರೆಯವರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ಆಟದಲ್ಲಿ ಟೋಲ್ಕಿನ್ ಕಾದಂಬರಿಗಳ ಹಾಬಿಟ್, ಎಂಟ್, ಬಾಲ್ರಾಗ್‌ಗಳು ಅದೇ ಹೆಸರಿನಲ್ಲಿ ಓಡಾಡಿಕೊಂಡಿದ್ದವು. ಹಕ್ಕುದಾರರ ಕಡೆಯಿಂದ ತಕರಾರು ಬಂದದ್ದೇ ತಡ, ಹಾಬಿಟ್ ಹಾಫ್ಲಿಂಗ್ ಆಯಿತು, ಎಂಟ್ ಟ್ರೀಂಟ್ ಆಯಿತು, ಬಾಲ್ರಾಗ್ ಬೇಲರ್ ಆಯಿತು. 1989ರ ಎರಡನೆಯ ಆವೃತ್ತಿಯ ಹೊತ್ತಿಗೆ ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಎಂಬ ಗುಲ್ಲೆದ್ದಿತ್ತು. ಹೆದರಿದ ಪ್ರಕಾಶಕರು ಡೆಮನ್, ಡೆವಿಲ್ ಎಂಬ ಪದಗಳನ್ನೇ ತೆಗೆದು ಟನಾರಿ, ಬಾಟೆಝು ಎಂಬ ಅರ್ಥವಿಲ್ಲದ ಹೆಸರುಗಳನ್ನಿಟ್ಟರು. ಮೂರನೆಯ ಆವೃತ್ತಿಯಲ್ಲಿ ಹಳೆಯ ಪದಗಳು ಸದ್ದಿಲ್ಲದೆ ವಾಪಸಾದವು.

ಅಂದರೆ ಈ ಆಟದ ಪದಗಳು ಹುಟ್ಟಿದಾಗಿನಿಂದಲೂ ಬದಲಾಗುತ್ತಲೇ ಇವೆ. ವಕೀಲರ ನೋಟಿಸಿಗೆ ಬದಲಾದಾಗ ಅದು ವ್ಯವಹಾರ, ಮಡಿವಂತರ ಭಯಕ್ಕೆ ಬದಲಾದಾಗ ಅದು ಅನಿವಾರ್ಯ, ನೋವಾದವನು ಕೇಳಿದಾಗ ಮಾತ್ರ ಅದು ಪರಂಪರೆಯ ನಾಶ. ಈ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಅಥವಾ ಚೆನ್ನಾಗಿಯೇ ಅರ್ಥವಾಗುತ್ತದೆ.

ಇನ್ನೊಂದು ಪದ ನೋಡಿ, ಫೈಲ್ಯಾಕ್ಟರಿ. ಯಹೂದಿಗಳು ಪ್ರಾರ್ಥನೆಯ ವೇಳೆ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ, ಪವಿತ್ರ ಬರಹವಿರುವ ಪುಟ್ಟ ಚರ್ಮದ ಪೆಟ್ಟಿಗೆಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಇದು. ಆಟದಲ್ಲಿ ಲಿಚ್ ಎಂಬ ಸತ್ತೂ ಸಾಯದ ದುಷ್ಟ ಮಾಂತ್ರಿಕ ತನ್ನ ಆತ್ಮವನ್ನು ಬಚ್ಚಿಡುವ ವಸ್ತುವಿಗೂ ಇದೇ ಹೆಸರಿತ್ತು. ಒಂದು ಜನರ ಪೂಜೆಯ ವಸ್ತು ಇನ್ನೊಬ್ಬರ ಕತೆಯಲ್ಲಿ ಪಿಶಾಚಿಯ ಡಬ್ಬಿ. ಹೊಸ ಪುಸ್ತಕದಲ್ಲಿ ಅದು 'ಸ್ಪಿರಿಟ್ ಜಾರ್' ಆಗಿದೆ. ಇದರಿಂದ ಕತೆಗೆ ಏನು ನಷ್ಟವಾಯಿತು? ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಇಟ್ಟುಬಂದ ರಕ್ಕಸನ ಕತೆ ಕೇಳಿ ಬೆಳೆದ ನಮಗಂತೂ ಏನೂ ಇಲ್ಲ. ನಮ್ಮ ಮಹಡಿಯಲ್ಲಿ ಅದಕ್ಕೆ ಮೊದಲಿನಿಂದಲೂ 'ಗಿಳಿ' ಎಂದೇ ಹೆಸರು. "ಮೊದಲು ಗಿಳಿ ಹುಡುಕ್ರೋ" ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನು ಕೈ ತೊಳೆದುಕೊಂಡವರು. ಇವರ ಬಗ್ಗೆ ನನಗೆ ಪ್ರೀತಿಯಿದೆ, ಅದಕ್ಕೇ ಸಿಟ್ಟು ಹೆಚ್ಚು. 'ರೇಸ್' ಹೋಗಿ 'ಸ್ಪೀಷೀಸ್' ಬಂದರೆ ಏನು ಸರಿಯಾಯಿತು? ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಅದು ಪ್ರಭೇದ. ಹುಲಿ ಒಂದು ಪ್ರಭೇದ, ಆನೆ ಒಂದು ಪ್ರಭೇದ. ಮಾತಾಡುವ, ಹಾಡುವ, ಸಾಲ ಮಾಡುವ, ಪ್ರೀತಿಸುವ ಎರಡು ಜನಗಳ ನಡುವೆ ಹುಲಿಗೂ ಆನೆಗೂ ಇರುವಷ್ಟು ದೂರವಿದೆ ಎಂದು ಹೇಳುವ ಪದ ಹಳೆಯದಕ್ಕಿಂತ ಸೌಮ್ಯ ಹೇಗಾಗುತ್ತದೆ? ಪಾಥ್‌ಫೈಂಡರ್ ಎಂಬ ಇನ್ನೊಂದು ಆಟ 2019ರಲ್ಲೇ 'ಆನ್ಸೆಸ್ಟ್ರಿ' ಎಂಬ ಪದಕ್ಕೆ ಹೊರಳಿತು. ಅದು ವಾಸಿ. ಆದರೆ ಕನ್ನಡಕ್ಕೆ ತಂದು ನೋಡಿ: ವಂಶ, ಕುಲ, ಬುಡ. ಯಾವ ದಾರಿ ಹಿಡಿದರೂ ಕೊನೆಗೆ ಅದೇ ಕೇರಿಗೆ ಬಂದು ನಿಲ್ಲುತ್ತೇವೆ. ಪಂಪ ಹತ್ತನೆಯ ಶತಮಾನದಲ್ಲೇ ಮನುಷ್ಯರೆಲ್ಲರದೂ ಒಂದೇ ಜಾತಿ ಎಂದವನು. ಪ್ರಾಣಿವರ್ಗಕ್ಕೂ ಹುಟ್ಟಿನ ಮೇಲುಕೀಳಿಗೂ ನಮ್ಮಲ್ಲಿ ಒಂದೇ ಪದವಿರುವುದು ಅವನಿಗೆ ಗೊತ್ತಿತ್ತು. ಅವನು ಪದವನ್ನು ಬದಲಿಸಲಿಲ್ಲ, ಅದರ ಲೆಕ್ಕವನ್ನು ಬದಲಿಸಿದ.

ಕೇಳಬೇಕಾದ ಪ್ರಶ್ನೆಯೂ ಅದೇ. ಖಾನೆಯ ಹೆಸರು ಏನೇ ಇರಲಿ, ಆ ಖಾನೆ ಏನು ಮಾಡುತ್ತದೆ? 2016ರ ಒಂದು ಪುಸ್ತಕದಲ್ಲಿ ಆರ್ಕ್ ಪಾತ್ರ ಆರಿಸಿಕೊಂಡವನ ಬುದ್ಧಿಯ ಅಂಕದಲ್ಲಿ ಎರಡನ್ನು ಕಳೆಯಬೇಕಿತ್ತು. ಹುಟ್ಟಿದ್ದಕ್ಕೇ ಎರಡು ಅಂಕ ಕಡಿಮೆ. ಶಾಲೆಯಲ್ಲಿ ಮೇಷ್ಟರ ಬಾಯಲ್ಲಿ "ನಿಮಗೆಲ್ಲಿ ಓದು ತಲೆಗೆ ಹತ್ತುತ್ತೆ" ಎಂಬ ಮಾತು ಕೇಳಿದವನಿಗೆ ಈ ನಿಯಮದ ಇಂಗ್ಲಿಷನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2020ರಲ್ಲಿ ಆ ಕಳೆಯುವ ಲೆಕ್ಕ ಹೋಯಿತು. 2024ರಲ್ಲಿ ಅಂಕ ಕೂಡುವ ಲೆಕ್ಕವೂ ಹುಟ್ಟಿನಿಂದ ಕಳಚಿ, ಆ ಪಾತ್ರ ಹಿಂದೆ ಏನು ಮಾಡಿಕೊಂಡಿತ್ತು ಎಂಬ ಖಾನೆಗೆ ಹೋಯಿತು. ರೈತನೋ, ಸೈನಿಕನೋ, ಲಿಪಿಕಾರನೋ ಎಂಬುದರ ಮೇಲೆ ಈಗ ಬಲಾಬಲ ನಿಂತಿದೆ. ನಿಜವಾದ ಬದಲಾವಣೆ ಇದು. ಇದರ ಬಗ್ಗೆ ಜಗಳವೂ ಕಡಿಮೆ, ಸಂಭ್ರಮವೂ ಕಡಿಮೆ. ಎಲ್ಲರ ಕಣ್ಣು ಬೋರ್ಡಿನ ಮೇಲೆಯೇ.

ಅದೇ ಪುಸ್ತಕ ಇನ್ನೊಂದು ಕೆಲಸ ಮಾಡಿತು. ಆರ್ಕ್‌ಗಳನ್ನು ಒಳಗೆ ಕರೆದುಕೊಂಡು ಹಾಫ್-ಎಲ್ಫ್, ಹಾಫ್-ಆರ್ಕ್‌ಗಳನ್ನು ಹೊರಗಿಟ್ಟಿತು. ಹಳೆಯ ಪುಸ್ತಕದಿಂದ ತಂದು ಆಡಬಹುದು, ನಿಜ. ಹೊಸದರಲ್ಲಿ ಅವರಿಗೆ ಜಾಗವಿಲ್ಲ. 'ಅರ್ಧ' ಎಂದು ಕರೆಯುವುದು ಹೀನಾಯ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಹಾಗಿದ್ದರೆ ಒಳ್ಳೆಯ ಹೆಸರು ಕೊಡಿ, ಮನುಷ್ಯರನ್ನೇ ಅಳಿಸಬೇಡಿ. ಜಾತಿ ಮೀರಿ ಮದುವೆಯಾದವರನ್ನು ಕೊಚ್ಚಿ ಹಾಕುವ ಸುದ್ದಿ ಓದುತ್ತಲೇ ಇರುವ ನಾಡಿನಲ್ಲಿ ಕೂತು ನೋಡಿದರೆ, ಎರಡು ಜನಗಳ ನಡುವೆ ಹುಟ್ಟಿ ಎರಡೂ ಕಡೆ ಸಲ್ಲದವನ ಕತೆಯೇ ಈ ಆಟದ ಅತ್ಯಂತ ಬೆಲೆಬಾಳುವ ಕತೆ. ನನ್ನ ಕೋಲಾರದ ಗೆಳೆಯ ಅವತ್ತು ಆ ಖಾನೆಯಲ್ಲಿ ಬರೆದದ್ದು ಹಾಫ್-ಆರ್ಕ್ ಎಂದೇ.

ನಮಗೆ ಇದು ಹೊಸದಲ್ಲ. ಭೀಮನಿಗೂ ಹಿಡಿಂಬೆಗೂ ಹುಟ್ಟಿದ ಘಟೋತ್ಕಚ ಇದ್ದಾನೆ. ಯುದ್ಧಕ್ಕೆ ಬೇಕಾದಾಗ ಅವನು ಮಗ. ಕರ್ಣನ ಶಕ್ತ್ಯಾಯುಧಕ್ಕೆ ಅವನು ಬಿದ್ದಾಗ ಪಾಂಡವರು ಅಳುತ್ತಿದ್ದರೆ ಕೃಷ್ಣ ಕುಣಿಯುತ್ತಾನೆ. ಕರ್ಣ ಕೊಲ್ಲದಿದ್ದರೆ ಮುಂದೊಂದು ದಿನ ನಾನೇ ಕೊಲ್ಲಬೇಕಾಗುತ್ತಿತ್ತು ಎಂದೂ ಹೇಳುತ್ತಾನೆ. ವ್ಯಾಸರು ಅದನ್ನು ಅಳಿಸದೆ ಬಿಟ್ಟದ್ದರಿಂದ ಇವತ್ತು ನಾವು ಅದರ ಬಗ್ಗೆ ಜಗಳವಾಡಬಹುದು.

ಇಲ್ಲಿ ನಮ್ಮವರದೇ ಒಂದು ಕೂಗು ಬರುತ್ತದೆ: ರಾಕ್ಷಸ ಎಂಬ ನಮ್ಮ ಪದವನ್ನು ಅವರೇಕೆ ಬಳಸಬೇಕು? ನಿಜ, 1977ರ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ರಾಕ್ಷಸನಿಗೆ ಹುಲಿಯ ತಲೆ, ಕೈಯಲ್ಲಿ ಹೊಗೆಪೈಪು. ಅವನು ಅಲ್ಲಿಗೆ ಬಂದದ್ದು ವಾಲ್ಮೀಕಿಯಿಂದಲ್ಲ, 1974ರ ಒಂದು ಅಮೆರಿಕನ್ ಟೀವಿ ಕಂತಿನಿಂದ. ನನಗೆ ಆ ಚಿತ್ರದಿಂದ ನೋವಾಗುವುದಿಲ್ಲ, ನಗು ಬರುತ್ತದೆ. ಆದರೆ ರಾಕ್ಷಸನೆಂದರೆ ಹುಟ್ಟಾ ಕೇಡಿಗ ಎಂಬ ಆ ಪುಸ್ತಕದ ನಿಯಮ ಒಪ್ಪಿಗೆಯಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನೇ ಕಾದು ನಿದ್ದೆಗೆಟ್ಟ ಜನ ನಾವು. ಕುವೆಂಪು ತಮ್ಮ ರಾಮಾಯಣದಲ್ಲಿ ರಾವಣನಿಗೂ ಉದ್ಧಾರದ ದಾರಿ ತೆರೆದವರು. ಪದ ಅಲ್ಲೇ ಇರಲಿ, ನಿಯಮ ಹೋಗಲಿ. ಅಷ್ಟಕ್ಕೂ, ದೂರದ ಅಮೆರಿಕದ ಪುಸ್ತಕದಲ್ಲಿ ಪುರಾಣದ ಪದ ಕಂಡರೆ ಕೆರಳುವ ನಾವು, ಪಕ್ಕದಲ್ಲಿ ಕೂತವನಿಗೆ 'ಜಾತಿ ಬರಿ' ಎನ್ನುವಾಗ ಸಲೀಸಾಗಿ ಅಂದುಬಿಡುತ್ತೇವೆ. ನಾನೂ ಅಂದವನೇ.

ನಗರದ ಕಸ ಗುಡಿಸುವವರನ್ನು ನಾವೀಗ ಪೌರಕಾರ್ಮಿಕರು ಎನ್ನುತ್ತೇವೆ. ಹಿಂದೆ ಅವರನ್ನು ಏನೆಂದು ಕರೆಯುತ್ತಿದ್ದರೋ ಅದನ್ನು ಬರೆಯಲೂ ನನಗೆ ಮನಸ್ಸಿಲ್ಲ, ಆದ್ದರಿಂದ ಹೆಸರು ಬದಲಾದದ್ದು ಸಣ್ಣ ಮಾತಲ್ಲ. ಆದರೂ ಬೆಳಗಿನ ಜಾವ ಪೊರಕೆ ಹಿಡಿದು ಬೀದಿಗಿಳಿಯುವವರು ಯಾವ ಕೇರಿಯಿಂದ ಬರುತ್ತಾರೆ ಎಂಬುದು ಎಷ್ಟು ಬದಲಾಗಿದೆ? ಹೆಸರು ಬದಲಾಗುವುದು ಮೊದಲ ದಾಳ. ಆಟ ಅಲ್ಲಿಂದ ಶುರುವಾಗಬೇಕು.

ಕಳೆದ ತಿಂಗಳು ನಮ್ಮ ಮಹಡಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಬುದ್ಧಿ ಕಲಿತಿದ್ದ ನಾನು ಹಾಳೆ ಕೊಟ್ಟು, "ಹೆಸರಿನ ಕೆಳಗೆ ಪ್ರಭೇದ ಬರಿ" ಎಂದೆ. "ಹಾಗಂದ್ರೆ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಕೋಲಾರದವನು ದಾಳ ಉರುಳಿಸುತ್ತ ಹೇಳಿದ: "ಜಾತಿ ಅಂತಲೇ ಕಣಮ್ಮ. ಆದ್ರೆ ಇಲ್ಲಿ ನೀನೇ ಆರಿಸ್ಕೋಬಹುದು."